ಕಣದ ಅಂಚಿನಲ್ಲಿ ನಿಂತ ಹೆಣ್ಣು
(ಬಾನುಲಿ ಭಾಷಣದ ಲಿಖಿತ ರೂಪ)

2018ನೆಯ ಇಸವಿ ಜನವರಿ 31ರಂದು ಒಂದು ಪ್ರಕಟಣೆ ಹೊರಬಿತ್ತು. ಫಾರ್ಮುಲಾ ಒನ್ ಎಂಬ ಮೋಟಾರು ಪಂದ್ಯಗಳನ್ನು ನಡೆಸುವ ಸಂಸ್ಥೆ, ಇನ್ನು ಮುಂದೆ ತನ್ನ ಪಂದ್ಯಗಳಲ್ಲಿ ‘ಗ್ರಿಡ್ ಗರ್ಲ್’ಗಳು ಇರುವುದಿಲ್ಲವೆಂದು ಸಾರಿತು. ಓಟಕ್ಕೆ ಮುನ್ನ ಕಾರುಗಳು ಸಾಲುಗಟ್ಟಿ ನಿಲ್ಲುವ ಜಾಗದಲ್ಲಿ ಚಾಲಕನ ಹೆಸರು ಅಥವಾ ಸಂಖ್ಯೆಯ ಫಲಕ ಹಿಡಿದು, ಪ್ರಾಯೋಜಕ ಕಂಪನಿಯ ಉಡುಪು ತೊಟ್ಟು, ನಗುಮೊಗದಿಂದ ನಿಲ್ಲುತ್ತಿದ್ದ ಯುವತಿಯರಿಗೆ ಆ ಹೆಸರು. 1960ರ ದಶಕದಿಂದ ಬೆಳೆದು ಬಂದಿದ್ದ ಈ ಪದ್ಧತಿ ತಮ್ಮ ಸಂಸ್ಥೆಯ ಮೌಲ್ಯಗಳಿಗೂ ಇಂದಿನ ಸಮಾಜದ ನಡಾವಳಿಗೂ ಹೊಂದುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದಕ್ಕೆ ಕೆಲವೇ ದಿನಗಳ ಮುಂಚೆ, ಡಾರ್ಟ್ಸ್ ಎಂಬ ಬಾಣದೆಸೆತದ ವೃತ್ತಿಪರ ಆಟದಲ್ಲಿ ಆಟಗಾರರನ್ನು ವೇದಿಕೆಗೆ ಕರೆತರುತ್ತಿದ್ದ ಯುವತಿಯರನ್ನೂ ಹೀಗೆಯೇ ಕೈಬಿಡಲಾಗಿತ್ತು.

ಪ್ರಕಟಣೆಯ ಮರುದಿನದಿಂದಲೇ ವಾದ ಆರಂಭವಾಯಿತು. ಕ್ರೀಡೆಯಲ್ಲಿ ಹೆಣ್ಣುಮಕ್ಕಳ ಸ್ಥಾನಮಾನಕ್ಕಾಗಿ ದುಡಿಯುತ್ತಿದ್ದವರು ಇದನ್ನು ಸ್ವಾಗತಿಸಿದರು. ಹೆಣ್ಣೆಂದರೆ ಗೆದ್ದವನ ಪಕ್ಕದ ಅಲಂಕಾರ ಎಂಬ ಭಾವನೆಯನ್ನು ಎಳೆಯ ಹುಡುಗಿಯರ ಮನಸ್ಸಿನಲ್ಲಿ ಬಿತ್ತುವ ಪದ್ಧತಿ ಹೋದದ್ದು ಒಳ್ಳೆಯದಾಯಿತು ಎಂದರು. ಆದರೆ ಆ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಸಿಟ್ಟಾದರು. ‘ನಮ್ಮ ಪರವಾಗಿ ಮಾತನಾಡುತ್ತೇವೆಂದು ಹೇಳಿಕೊಳ್ಳುವವರು ನಮ್ಮನ್ನೊಮ್ಮೆ ಕೇಳಬೇಡವೇ? ನಮ್ಮ ಅನ್ನ ಕಿತ್ತುಕೊಂಡು, ನಿಮ್ಮ ಘನತೆ ಉಳಿಸಿದೆವು ಎಂದರೆ ಹೇಗೆ?’ ಎಂಬುದು ಅವರ ಅಳಲಿನ ತಿರುಳು.

ದೂರದ ದೇಶಗಳ ಈ ಜಗಳಕ್ಕೂ ಕಾವೇರಿ ದಂಡೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಗೂ ಏನು ಸಂಬಂಧ ಎಂದು ಕೇಳುಗರಿಗೆ ಅನ್ನಿಸಬಹುದು. ಸಂಬಂಧವಿದೆ. ಇದೇ ಪ್ರಶ್ನೆಯನ್ನು, ಬೇರೆ ಉಡುಪಿನಲ್ಲಿ, ನಮ್ಮ ಮೈಸೂರು ಸಂಸ್ಥಾನ ನೂರು ವರ್ಷಕ್ಕೂ ಹಿಂದೆಯೇ ಎದುರಿಸಿತ್ತು. ಉತ್ಸವದ ಅಂಗಳದಲ್ಲಿ ಹೆಣ್ಣಿನ ಸ್ಥಾನವೇನು, ಅದನ್ನು ತೆಗೆದುಹಾಕುವ ಅಧಿಕಾರ ಯಾರದು, ತೆಗೆದ ಮೇಲೆ ಅವಳು ಎಲ್ಲಿಗೆ ಹೋಗಬೇಕು ಎಂಬ ಮೂರು ಪ್ರಶ್ನೆಗಳು ಆಗಲೂ ಎದ್ದಿದ್ದವು. ಆ ಹಳೆಯ ಚರ್ಚೆಯ ಬೆಳಕಿನಲ್ಲಿ ಹೊಸದನ್ನು ನೋಡುವುದು ನನ್ನ ಇಂದಿನ ಉದ್ದೇಶ.

ನಮ್ಮಲ್ಲಿ ಕುಸ್ತಿಯ ಕಣವೂ ನೃತ್ಯದ ರಂಗವೂ ಮೊದಲಿನಿಂದ ಅಕ್ಕಪಕ್ಕದಲ್ಲಿಯೇ ಬೆಳೆದವು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಮಹಾನವಮಿಯನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಅರಸನ ಮುಂದೆ ನರ್ತಕಿಯರು ಕುಣಿಯುತ್ತಿದ್ದರು, ಜಟ್ಟಿಗಳು ಸೆಣಸುತ್ತಿದ್ದರು. ಅರಸನ ಸನ್ನಿಧಿಯಲ್ಲಿ ತಾಂಬೂಲ ಮೆಲ್ಲುವ ಗೌರವ ದೊಡ್ಡ ದೊಡ್ಡ ಅಧಿಕಾರಿಗಳಿಗೂ ಇಲ್ಲದಿದ್ದಾಗ ಈ ನರ್ತಕಿಯರಿಗಿತ್ತು ಎಂಬುದನ್ನು ಅವನು ಅಚ್ಚರಿಯಿಂದ ಗುರುತಿಸುತ್ತಾನೆ. ಕೆಲವು ವರ್ಷಗಳ ತರುವಾಯ ಬರೆದ ನೂನಿಜ್, ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಹೇಳುತ್ತಾನೆ. ಅಂದರೆ ಆ ಕಾಲದ ಉತ್ಸವದಲ್ಲಿ ಹೆಣ್ಣು ಕಣದ ಅಂಚಿನಲ್ಲಿ ಮಾತ್ರ ನಿಂತಿರಲಿಲ್ಲ, ಕಣದ ಒಳಗೂ ಇದ್ದಳು.

ಈ ಮಹಾನವಮಿಯ ಸಂಪ್ರದಾಯವನ್ನು ನಮ್ಮ ಸೀಮೆಗೆ ತಂದವನು ರಾಜ ಒಡೆಯ. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅವನು ಅಲ್ಲಿಯೇ ದಸರಾ ಉತ್ಸವವನ್ನು ಆರಂಭಿಸಿದ. ಮುಂದೆ ಕಂಠೀರವ ನರಸರಾಜ ಒಡೆಯನ ಕಾಲದಲ್ಲಿ ಶ್ರೀರಂಗಪಟ್ಟಣದ ದಸರೆ ಹೇಗಿತ್ತು ಎಂಬುದನ್ನು ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ ಎಂಬ ಸಾಂಗತ್ಯ ಕಾವ್ಯ ನಮಗೆ ತಿಳಿಸುತ್ತದೆ. ಸ್ವತಃ ಮಲ್ಲಯುದ್ಧದಲ್ಲಿ ಹೆಸರಾದ ಆ ಅರಸನ ಓಲಗದಲ್ಲಿ ಜಟ್ಟಿಗಳ ಕಾಳಗಕ್ಕೂ ಪಾತ್ರದವರ ನೃತ್ಯಕ್ಕೂ ಒಂದೇ ಸಭೆ ಪ್ರೇಕ್ಷಕನಾಗಿತ್ತು. ನಮ್ಮ ಮಟ್ಟಿಗೆ ಕ್ರೀಡೆ ಮತ್ತು ಕಲೆ ಎಂಬ ಇಂದಿನ ವಿಂಗಡಣೆ ತೀರ ಈಚಿನದು.

ಇದಕ್ಕೂ ಹಿಂದಿನ ಕಾಲದ ಸಾಕ್ಷ್ಯ ಕಲ್ಲಿನಲ್ಲಿದೆ. ಎಪಿಗ್ರಾಫಿಯಾ ಕರ್ನಾಟಕದ ಪರಿಷ್ಕೃತ ಮಾಲೆಯಲ್ಲಿ ಆರನೆಯ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿಗೂ, ಏಳನೆಯದು ನಾಗಮಂಗಲ ಮತ್ತು ಅದರ ನೆರೆಯ ತಾಲ್ಲೂಕುಗಳ ಶಾಸನಗಳಿಗೂ ಮೀಸಲಾಗಿವೆ. ಹೊಯ್ಸಳರ ಕಾಲದ ದತ್ತಿ ಶಾಸನಗಳನ್ನು ಓದಿದವರಿಗೆ ‘ಅಂಗಭೋಗ, ರಂಗಭೋಗ’ ಎಂಬ ಜೋಡಿ ಮಾತು ಪರಿಚಿತ. ದೇವರ ಪೂಜೆ ಅಲಂಕಾರಗಳು ಅಂಗಭೋಗವಾದರೆ, ಗೀತ ವಾದ್ಯ ನೃತ್ಯಗಳು ರಂಗಭೋಗ. ರಂಗಭೋಗ ನಡೆಸುವ ಪಾತ್ರದವರಿಗೂ ಸೂಳೆಯರಿಗೂ ಭೂಮಿ ಬಿಟ್ಟ ಸಂಗತಿಗಳು ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ‘ಸೂಳೆ’ ಎಂಬ ಪದ ಆಗ ಬೈಗುಳವಾಗಿರಲಿಲ್ಲ. ಪೂಜಾರಿ, ಹೂವಾಡಿಗ, ಮದ್ದಳೆಯವನ ಹೆಸರಿನೊಡನೆ ಒಂದೇ ಪಟ್ಟಿಯಲ್ಲಿ ಬರುವ ವೃತ್ತಿವಾಚಕವಾಗಿತ್ತು. ಒಂದು ಪದ ಹೇಗೆ ಕೆಟ್ಟಿತು ಎಂಬುದರಲ್ಲಿಯೇ ಒಂದು ಸಮುದಾಯದ ಚರಿತ್ರೆ ಅಡಗಿದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಬ್ರಹ್ಮೇಶ್ವರ ದೇವಾಲಯವಿದೆ. 1171ರಲ್ಲಿ ಇದನ್ನು ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು. ಒಳಗಿನ ಕಂಬಗಳ ಮೇಲೆ ಚೆಲುವಾದ ಮದನಿಕೆಯರಿದ್ದಾರೆ. ಅದೇ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಗಳ ಮೇಲೂ ನರ್ತಿಸುವ, ವಾದ್ಯ ನುಡಿಸುವ ರೂಪಗಳಿಗೆ ಕೊರತೆಯಿಲ್ಲ. ಕಿಕ್ಕೇರಿಗೆ ಹೋದವರು ಮದನಿಕೆಯ ಬಳುಕನ್ನು ನೋಡಿ ಮೆಚ್ಚಿ ಬರುತ್ತಾರೆ, ಕಟ್ಟಿಸಿದ ಬಮ್ಮವ್ವೆಯ ಹೆಸರನ್ನು ಕೇಳಿ ಬರುವವರು ಕಡಮೆ. ಹೆಣ್ಣು ಅಲಂಕಾರವಾಗಿ ಕಂಡಷ್ಟು ಸುಲಭವಾಗಿ ಕರ್ತೃವಾಗಿ ಕಾಣುವುದಿಲ್ಲ.

ಹಾಗೆಂದು ಹಿಂದಿನದೆಲ್ಲ ಹೊನ್ನಿನ ಕಾಲವೆಂದು ನಾನು ಹೇಳಲಾರೆ. ದೇವರ ಹೆಸರಿನಲ್ಲಿ ಗೆಜ್ಜೆ ಕಟ್ಟಿಸಿಕೊಂಡ ಹುಡುಗಿಗೆ ಮದುವೆಯ ದಾರಿ ಮುಚ್ಚುತ್ತಿತ್ತು. ಬೇಡವೆನ್ನುವ ವಯಸ್ಸು ಬರುವ ಮೊದಲೇ ಅವಳ ಬಾಳು ನಿಶ್ಚಯವಾಗಿರುತ್ತಿತ್ತು. ಅರಸೊತ್ತಿಗೆಗಳು ಬಡವಾಗಿ ದತ್ತಿಗಳು ಕ್ಷೀಣಿಸಿದಂತೆ ಕಲೆಯ ಭಾಗ ಕರಗಿ, ಹಣವಂತನ ಆಶ್ರಯದ ಭಾಗವೇ ಉಳಿಯಿತು. ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಕಾದಂಬರಿಯನ್ನು ಓದಿದವರಿಗೂ, 1969ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಆಧರಿಸಿ ತೆಗೆದ ಚಿತ್ರವನ್ನು ನೋಡಿದವರಿಗೂ ಆ ಮನೆಗಳ ಒಳಗಿನ ಉಸಿರುಕಟ್ಟನ್ನು ನಾನು ವಿವರಿಸಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಂಸ್ಥಾನದ ಆಡಳಿತಕ್ಕೆ ಸುಧಾರಣೆಯ ಹುರುಪು ಬಂದಿತ್ತು. 1894ರಲ್ಲಿ ಮೈಸೂರು ಸರ್ಕಾರ ಶಿಶುವಿವಾಹವನ್ನು ತಡೆಯುವ ಕಾನೂನನ್ನು ತಂದಿತು. ಅದೇ ದಶಕದಲ್ಲಿ ದೇವಾಲಯಗಳ ನರ್ತಕಿಯರ ಕಡೆಗೂ ಸರ್ಕಾರದ ದೃಷ್ಟಿ ಹೊರಳಿತು. ಮುಜರಾಯಿ ಇಲಾಖೆಗೆ ಸೇರಿದ ದೇವಾಲಯಗಳಲ್ಲಿ ಗೆಜ್ಜೆಪೂಜೆ ಮೊದಲಾದವನ್ನು ನಿಲ್ಲಿಸುವ ಆಜ್ಞೆಗಳು ಹೊರಟವು. ಕೊನೆಗೆ 1909ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮುಜರಾಯಿ ದೇವಾಲಯಗಳ ಸೇವೆಯಿಂದ ದೇವದಾಸಿಯರನ್ನು ಪೂರ್ಣವಾಗಿ ಕೈಬಿಡುವ ಆದೇಶವಾಯಿತು. ಶ್ರೀರಂಗಪಟ್ಟಣದ ರಂಗನಾಥನ ಗುಡಿ, ಮೇಲುಕೋಟೆಯ ಚೆಲುವನಾರಾಯಣನ ಗುಡಿ ಇವೆಲ್ಲ ಮುಜರಾಯಿಯ ಆಡಳಿತಕ್ಕೆ ಒಳಪಟ್ಟವುಗಳೇ. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಆಗ ಈ ನಾಲ್ಕು ತಾಲ್ಲೂಕುಗಳೂ ಮೈಸೂರು ಜಿಲ್ಲೆಯ ಭಾಗವಾಗಿದ್ದವು. ಬ್ರಿಟಿಷ್ ಆಡಳಿತದ ಮದರಾಸು ಪ್ರಾಂತ್ಯದಲ್ಲಿ ದೇವದಾಸಿ ಸಮರ್ಪಣೆಯನ್ನು ತಡೆಯುವ ಪೂರ್ಣ ಕಾನೂನು ಬಂದದ್ದು 1947ರಲ್ಲಿ. ಅದಕ್ಕೆ ಮೂವತ್ತೆಂಟು ವರ್ಷ ಮುಂಚೆಯೇ ಮೈಸೂರು ಈ ಹೆಜ್ಜೆ ಇಟ್ಟಿತ್ತು. ಸಂಸ್ಥಾನದ ಹಿರಿಮೆಯ ಪಟ್ಟಿಯಲ್ಲಿ ಇದೂ ಸೇರುವುದು ನ್ಯಾಯವೇ.

ಆದರೆ ಆ ಆದೇಶದ ಹಿಂದಿನ ವಾದವನ್ನು ಗಮನಿಸಬೇಕು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ನರ್ತಕಿಯರು ತಮ್ಮ ಸೇವೆಯನ್ನು ನಿಲ್ಲಿಸಿದ್ದರ ವಿರುದ್ಧ ಸರ್ಕಾರಕ್ಕೆ ಮನವಿ ಮಾಡಿಕೊಂಡರು. ತಲೆತಲಾಂತರದಿಂದ ಬಂದ ಸೇವೆ ಮತ್ತು ಅದಕ್ಕೆ ಹೊಂದಿದ ಜೀವನಾಧಾರವನ್ನು ತಮಗೆ ಉಳಿಸಿಕೊಡಬೇಕೆಂಬುದು ಅವರ ಬೇಡಿಕೆ. ಸರ್ಕಾರ ಆಗಮಶಾಸ್ತ್ರ ಬಲ್ಲ ಪಂಡಿತರ ಅಭಿಪ್ರಾಯ ಕೇಳಿತು. ಶಾಸ್ತ್ರ ಹೇಳುವ ನೃತ್ಯಸೇವೆಗೆ ಶುದ್ಧ ನಡತೆಯ ಹೆಂಗಸರು ಬೇಕು, ಈಗಿರುವವರು ಅಂಥವರಲ್ಲ, ಆದ್ದರಿಂದ ಅವರ ಸೇವೆ ಅನಗತ್ಯ ಎಂಬ ತರ್ಕ ಗೆದ್ದಿತು. ಹುಡುಗಿಯರಿಗೆ ಅನ್ಯಾಯವಾಗುತ್ತಿದೆ ಎಂಬ ಮಾತಿಗಿಂತ ದೇವಾಲಯದ ಮೈಲಿಗೆಯ ಮಾತು ಮೇಲಾಯಿತು. ಅವರನ್ನು ಆ ಸ್ಥಿತಿಗೆ ತಂದ ಗಂಡಸರ ನಡತೆಯನ್ನು ಯಾರೂ ಅಳೆಯಲಿಲ್ಲ. ಆಶ್ರಯದಾತನೆನಿಸಿಕೊಂಡವನು ಮರುದಿನವೂ ಅದೇ ಗುಡಿಯಲ್ಲಿ ತೀರ್ಥ ತೆಗೆದುಕೊಳ್ಳಬಹುದಿತ್ತು. ಹೊಸಿಲ ಹೊರಗೆ ಉಳಿದವಳು ಅವಳೊಬ್ಬಳೇ.

ಇದೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ಮೈಸೂರಿನಲ್ಲಿ ಹಾಡಿ ಹೆಸರು ಪಡೆದು, ಬಳಿಕ ಮದರಾಸಿನಲ್ಲಿ ನೆಲೆಸಿದರು. ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಮತ್ತೆ ಪ್ರಕಟಿಸಿ, ಸರ್ಕಾರದ ಕೋಪಕ್ಕೆ ಗುರಿಯಾದರು. ತಮ್ಮ ಗಳಿಕೆಯನ್ನು ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರವನ್ನು ಕಟ್ಟಿಸಿದರು. ಮದರಾಸಿನಲ್ಲಿ ದೇವದಾಸಿ ಪದ್ಧತಿಯ ನಿಷೇಧಕ್ಕಾಗಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಹೋರಾಡಿದಾಗ ಅದನ್ನು ಎದುರಿಸಿದ ದೇವದಾಸಿಯರ ಸಂಘದ ಮುಂದಾಳುಗಳಲ್ಲಿ ನಾಗರತ್ನಮ್ಮನವರೂ ಇದ್ದರು. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಸಮುದಾಯದಿಂದ ಬಂದವರು. ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ಆ ಬದುಕು ಹತ್ತಿರದಿಂದ ಗೊತ್ತು. ಒಬ್ಬರು ಹುಟ್ಟಲಿರುವ ಹುಡುಗಿಯ ಕಡೆಯಿಂದ ಮಾತನಾಡಿದರು, ಇನ್ನೊಬ್ಬರು ಈಗಾಗಲೇ ಬದುಕುತ್ತಿರುವ ಹೆಂಗಸಿನ ಕಡೆಯಿಂದ. 2018ರ ಜಗಳದಲ್ಲಿ ಕೇಳಿಬಂದ ಎರಡು ದನಿಗಳೂ ಇವೇ ಎಂದು ನನಗೆ ತೋರುತ್ತದೆ.

ದೇವಾಲಯದ ಬಾಗಿಲು ಮುಚ್ಚಿದ ಮೇಲೂ ಅರಮನೆಯ ಬಾಗಿಲು ಕೆಲಕಾಲ ತೆರೆದೇ ಇತ್ತು. ಆಸ್ಥಾನದ ಹೆಸರಾಂತ ನರ್ತಕಿ ಜಟ್ಟಿ ತಾಯಮ್ಮನವರ ಹೆಸರಿನಲ್ಲಿಯೇ ಕುಸ್ತಿಯ ಕಣವಿದೆ. ಅವರ ತಂದೆ ಅರಮನೆಯ ಪೈಲ್ವಾನರಾಗಿದ್ದರು. ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು 1939ರಲ್ಲಿ ಆಸ್ಥಾನ ವಿದುಷಿಯಾಗಿ ನೇಮಕಗೊಂಡರು. ಅರಸೊತ್ತಿಗೆ ಹೋದ ಮೇಲೆ ಅವರ ಕಲೆ ಏನಾಗುತ್ತಿತ್ತೋ ಹೇಳಲಾಗದು. ಆದರೆ 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗವನ್ನು ತೆರೆದು ಅವರನ್ನು ಅಧ್ಯಾಪಕಿಯ ಪೀಠದಲ್ಲಿ ಕೂಡಿಸಿತು. 1992ರಲ್ಲಿ ಪದ್ಮಭೂಷಣವೂ ಬಂದಿತು. ಒಂದು ಪಾತ್ರ ಮುಗಿದಾಗ ಅದನ್ನು ನಿರ್ವಹಿಸುತ್ತಿದ್ದವರ ವಿದ್ಯೆಯನ್ನು ಗುರುತಿಸಿ ಇನ್ನೊಂದು ಪೀಠ ಹಾಕಿಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ದುಃಖದ ಸಂಗತಿಯೆಂದರೆ, ಇಂಥ ಪೀಠ ದೊರೆತದ್ದು ಬೆರಳೆಣಿಕೆಯ ಮಂದಿಗೆ. ಗುಡಿಗಳಿಂದ ಹೊರಬಿದ್ದ ಉಳಿದವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸಮರ್ಪಣೆಯ ಪಿಡುಗು ಉಳಿದೇ ಇದ್ದುದರಿಂದ 1982ರಲ್ಲಿ ಕರ್ನಾಟಕ ಶಾಸನಸಭೆ ಮತ್ತೊಮ್ಮೆ ಕಾನೂನು ಮಾಡಬೇಕಾಯಿತು. ಕಾಗದದ ಮೇಲೆ ಮುಗಿದದ್ದು ಬದುಕಿನಲ್ಲಿ ಅಷ್ಟು ಬೇಗ ಮುಗಿಯುವುದಿಲ್ಲ.

ಈಗ ಆಟದ ಮೈದಾನಕ್ಕೆ ಬರೋಣ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಕೆಟ್ ಇರಲಿಲ್ಲ, ವಿಶ್ವಸುಂದರಿ ಸ್ಪರ್ಧೆ ಇತ್ತು. ಅಮಿತಾಭ್ ಬಚ್ಚನ್ ಅವರ ಕಂಪನಿ ಅದರ ಹೊಣೆ ಹೊತ್ತಿತ್ತು. ಜೆ. ಎಚ್. ಪಟೇಲರ ಸರ್ಕಾರ ರಕ್ಷಣೆ ಕೊಟ್ಟಿತು. ವಿರೋಧಿಸಿದವರಲ್ಲಿ ಒಂದೇ ಮನಸ್ಸಿರಲಿಲ್ಲ. ಕೆಲವರಿಗೆ ಅದು ಭಾರತೀಯ ಸಂಸ್ಕೃತಿಗೆ ಅಪಚಾರ. ಎಡಪಂಥದ ಮಹಿಳಾ ಸಂಘಟನೆಗಳಿಗೆ ಅದು ಹೆಣ್ಣಿನ ದೇಹವನ್ನು ಸರಕಾಗಿಸುವ ವ್ಯಾಪಾರ. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘಕ್ಕೆ ಅದು ಬಹುರಾಷ್ಟ್ರೀಯ ಕಂಪನಿಗಳು ನಮ್ಮ ಮಾರುಕಟ್ಟೆಗೆ ನುಗ್ಗುವ ದಾರಿ. ಪಾಂಡವಪುರದ ಜನ 1994ರಲ್ಲಿ ರೈತಸಂಘದ ಕೆ. ಎಸ್. ಪುಟ್ಟಣ್ಣಯ್ಯನವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿದ್ದರು ಎಂಬುದನ್ನು ನೆನೆದರೆ, ನಮ್ಮ ಕಬ್ಬಿನ ಗದ್ದೆಗಳಿಗೂ ಆ ಕ್ರೀಡಾಂಗಣದ ಚರ್ಚೆಗೂ ಇದ್ದ ನಂಟು ತಿಳಿಯುತ್ತದೆ. ಮಧುರೆಯಲ್ಲಿ ಒಬ್ಬ ಯುವಕ ಈ ಸ್ಪರ್ಧೆಯನ್ನು ವಿರೋಧಿಸಿ ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡ. ಈಜುಡುಗೆಯ ಭಾಗವನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಿ, ಉಳಿದುದನ್ನು ಬಿಗಿ ಕಾವಲಿನಲ್ಲಿ ನಡೆಸಿದರು. ಗ್ರೀಸಿನ ಹುಡುಗಿ ಗೆದ್ದಳು. ಕಿರೀಟದ ಸುದ್ದಿ ಮರೆತುಹೋಯಿತು, ಪ್ರಶ್ನೆ ಉಳಿಯಿತು.

ಹನ್ನೆರಡು ವರ್ಷಗಳ ತರುವಾಯ, 2008ರ ಏಪ್ರಿಲ್ 18ರಂದು, ಅದೇ ಕ್ರೀಡಾಂಗಣದಲ್ಲಿ ಐಪಿಎಲ್ ಕ್ರಿಕೆಟ್ಟಿನ ಮೊದಲ ಪಂದ್ಯ ನಡೆಯಿತು. ಬ್ರೆಂಡನ್ ಮೆಕಲಮ್ ಅಂದು ಔಟಾಗದೆ 158 ಓಟ ಗಳಿಸಿದ್ದನ್ನು ಕ್ರಿಕೆಟ್ ಪ್ರಿಯರು ಮರೆತಿರಲಾರರು. ಬೌಂಡರಿ ಗೆರೆಯ ಆಚೆ ಕುಣಿದ ಚಿಯರ್ ಲೀಡರ್‌ಗಳನ್ನು ಬೆಂಗಳೂರು ತಂಡದ ಒಡೆಯರು ಅಮೆರಿಕದ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದಿಂದ ಕರೆಸಿದ್ದರು. ಮಹಾರಾಷ್ಟ್ರದ ಮಂತ್ರಿಗಳು, ಶಾಸಕರು ಇದನ್ನು ಅಸಭ್ಯವೆಂದರು. ಸಂಸ್ಕೃತಿಯ ವಾದ ಮತ್ತೆ ಎದ್ದಿತು. ಆದರೆ ಅದೇ ವರ್ಷ ಮೊಹಾಲಿಯಲ್ಲಿ, ತಮ್ಮ ಮೈಬಣ್ಣ ಕಪ್ಪೆಂಬ ಕಾರಣಕ್ಕೆ ತಮ್ಮನ್ನು ಮೈದಾನಕ್ಕೆ ಬಿಡಲಿಲ್ಲವೆಂದು ಇಬ್ಬರು ನರ್ತಕಿಯರು ದೂರಿದಾಗ ನಮ್ಮ ಸಂಸ್ಕೃತಿಯ ರಕ್ಷಕರಿಂದ ಅಷ್ಟು ದೊಡ್ಡ ದನಿ ಹೊರಡಲಿಲ್ಲ. ಹೆಣ್ಣಿನ ಉಡುಪು ಎಷ್ಟು ಗಿಡ್ಡವೆಂಬುದು ನಮ್ಮನ್ನು ಕೆರಳಿಸಿತು, ಅವಳಿಗಾದ ಅವಮಾನ ಕೆರಳಿಸಲಿಲ್ಲ. 1909ರ ತರ್ಕವೇ ಇಲ್ಲಿಯೂ ಇಣುಕುತ್ತದೆ.

ಚಿಯರ್ ಲೀಡರ್ ಪದ್ಧತಿ ಹುಟ್ಟಿದಾಗ ಅದು ಗಂಡಸರ ಕೆಲಸವಾಗಿತ್ತು ಎಂಬುದು ಬಹಳ ಮಂದಿಗೆ ತಿಳಿಯದು. 1898ರಲ್ಲಿ ಅಮೆರಿಕದ ಮಿನೆಸೊಟ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬ ಪ್ರೇಕ್ಷಕರ ಮುಂದೆ ನಿಂತು ಜಯಘೋಷ ಹೇಳಿಕೊಟ್ಟದ್ದು ಅದರ ಆರಂಭ. ಅಲ್ಲಿ ಹೆಣ್ಣುಮಕ್ಕಳು ಸೇರಿದ್ದು 1923ರಲ್ಲಿ. ಮುಂದೆ ದೂರದರ್ಶನ ಮತ್ತು ಜಾಹೀರಾತಿನ ಹಣ ಬಂದಂತೆ ಘೋಷ ಹಿಂದೆ ಸರಿದು ದೇಹ ಮುಂದೆ ಬಂದಿತು. ಬೆಂಗಳೂರಿಗೆ ಬಂದಿದ್ದ ಆ ವಾಷಿಂಗ್ಟನ್ ತಂಡದ ಕಥೆಯೂ ಇದನ್ನೇ ಹೇಳುತ್ತದೆ. 2013ರ ಒಂದು ಪ್ರವಾಸದಲ್ಲಿ ಪ್ರಾಯೋಜಕರ ಎದುರು ತಮ್ಮಿಂದ ಸಂಕೋಚದ ಭಂಗಿಗಳಲ್ಲಿ ಚಿತ್ರ ತೆಗೆಸಲಾಯಿತೆಂದು ಅದರ ಕೆಲವು ನರ್ತಕಿಯರು ಹೇಳಿಕೊಂಡದ್ದು 2018ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದಿತು. 2021ರಲ್ಲಿ ಆ ಸಂಸ್ಥೆ ಹಳೆಯ ತಂಡವನ್ನು ವಿಸರ್ಜಿಸಿ, ಗಂಡಸರೂ ಹೆಂಗಸರೂ ಕೂಡಿದ ನೃತ್ಯತಂಡವನ್ನು ಕಟ್ಟಿತು. ನಾವು ಎರವಲು ತಂದ ಪದ್ಧತಿಯನ್ನು ಕೊಟ್ಟವರೇ ಕೈಬಿಟ್ಟರು.

ನಮ್ಮಲ್ಲಿ ಅದು ಮುಂದುವರಿಯಿತು. 2011ರಲ್ಲಿ ಆಟಗಾರರ ನಡವಳಿಕೆಯ ಬಗ್ಗೆ ಬರೆದ ದಕ್ಷಿಣ ಆಫ್ರಿಕದ ಚಿಯರ್ ಲೀಡರ್ ಒಬ್ಬಳನ್ನು ಊರಿಗೆ ಹಿಂದಿರುಗಿಸಲಾಯಿತು. ಕುಣಿಯುವುದಕ್ಕೆ ಅವಕಾಶವುಂಟು, ಮಾತನಾಡುವುದಕ್ಕಿಲ್ಲ ಎಂಬುದು ಆ ಕೆಲಸದ ಬರೆಯದ ಕರಾರು. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ಹತ್ಯಾಕಾಂಡದ ಮರುದಿನ ಹೈದರಾಬಾದಿನಲ್ಲಿ ನಡೆದ ಪಂದ್ಯದಲ್ಲಿ ಶೋಕಸೂಚಕವಾಗಿ ಪಟಾಕಿಯನ್ನೂ ಚಿಯರ್ ಲೀಡರ್‌ಗಳನ್ನೂ ಕೈಬಿಟ್ಟರು. ನಿರ್ಧಾರ ಉಚಿತವೇ. ಆದರೆ ಪಟಾಕಿ ಮತ್ತು ಹೆಣ್ಣು ಒಂದೇ ಸಾಲಿನಲ್ಲಿ ಬಂದದ್ದನ್ನು ನೋಡಿ. ಆಟ ನಡೆಯಿತು, ಆಟಗಾರರು ಕಪ್ಪು ಪಟ್ಟಿ ಕಟ್ಟಿ ದುಃಖದಲ್ಲಿ ಪಾಲುಗೊಂಡರು. ಅವರು ದುಃಖಿಸಬಲ್ಲ ಮನುಷ್ಯರು. ಇವರು ಸಂಭ್ರಮದ ಸಾಮಗ್ರಿ.

ಹಾಗಾದರೆ ನಿಷೇಧವೊಂದೇ ಮದ್ದೇ? ಇಲ್ಲಿ ಇನ್ನೊಂದು ಪ್ರಕರಣವನ್ನು ನೆನೆಯಬೇಕು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಬಾರ್‌ಗಳಲ್ಲಿ ನೃತ್ಯವನ್ನು ನಿಷೇಧಿಸಿತು, ಆದರೆ ದೊಡ್ಡ ಹೋಟೆಲುಗಳಿಗೆ ವಿನಾಯಿತಿ ಇಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಬಡವರ ಬಾರಿನಲ್ಲಿ ಕೆಟ್ಟದ್ದು ಶ್ರೀಮಂತರ ಹೋಟೆಲಿನಲ್ಲಿ ಒಳ್ಳೆಯದಾಗಲಾರದು ಎಂಬುದು ಒಂದು ಕಾರಣ. ಸಾವಿರಾರು ಹೆಂಗಸರ ಜೀವನೋಪಾಯ ಕಿತ್ತುಕೊಂಡು, ಅವರನ್ನು ಇನ್ನೂ ಕೆಟ್ಟ ದಾರಿಗೆ ನೂಕಿದಂತಾಯಿತು ಎಂಬುದು ಇನ್ನೊಂದು. ಸುಧಾರಕನ ಕತ್ತರಿ ಯಾವಾಗಲೂ ತೆಳುವಾದ ಬಟ್ಟೆಯ ಮೇಲೆಯೇ ಆಡುತ್ತದೆ ಎಂಬುದನ್ನು ಈ ತೀರ್ಪು ಗುರುತಿಸಿತು ಎಂದು ನನ್ನ ಭಾವನೆ.

ಫಾರ್ಮುಲಾ ಒನ್ನಿನ ನಿರ್ಧಾರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಪದ್ಧತಿಯನ್ನು ಕೈಬಿಟ್ಟ ಐದಾರು ದಿನಗಳಲ್ಲಿಯೇ ಆ ಜಾಗದಲ್ಲಿ ಕಾರು ಓಟವನ್ನು ಕಲಿಯುತ್ತಿರುವ ಬಾಲಕ ಬಾಲಕಿಯರನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಅಂಚಿನಲ್ಲಿ ನಿಲ್ಲುವವರು ನಾಳೆ ಒಳಗೆ ಬರಬಹುದಾದವರು ಆಗಿರಲಿ ಎಂಬ ಆಲೋಚನೆ ಒಳ್ಳೆಯದು. ಆದರೆ ಹೊರನಡೆದವರಿಗೆ ಏನು ದೊರೆಯಿತು? ಆ ಆಟದಲ್ಲಿ ಹಣ ಬರುವ ದಾರಿಗಳು ಹಾಗೆಯೇ ಉಳಿದವು. ಹೋದದ್ದು ಆ ದಿನಗೂಲಿಯ ಹೆಣ್ಣುಮಕ್ಕಳ ಸಂಬಳ ಮಾತ್ರ. ಫ್ರಾನ್ಸಿನ ಪ್ರಸಿದ್ಧ ಸೈಕಲ್ ಓಟದವರು ಬೇರೆ ದಾರಿ ಹಿಡಿದರು. ಗೆದ್ದವನ ಅಕ್ಕಪಕ್ಕ ಇಬ್ಬರು ಯುವತಿಯರು ನಿಲ್ಲುತ್ತಿದ್ದ ಕಡೆ 2020ರಿಂದ ಒಬ್ಬ ಯುವತಿ, ಒಬ್ಬ ಯುವಕ ನಿಲ್ಲತೊಡಗಿದರು. ಕೆಲಸ ಉಳಿಯಿತು, ಅದರ ಅರ್ಥ ಬದಲಾಯಿತು. ಇದೇ ಪೂರ್ಣ ಪರಿಹಾರವಲ್ಲ. ಆದರೆ ತೆಗೆದುಹಾಕುವುದರ ಹೊರತಾಗಿಯೂ ದಾರಿಗಳಿವೆ ಎಂಬುದಕ್ಕೆ ಸಾಕ್ಷಿ.

ನಮ್ಮ ಸೀಮೆಯ ಕಣಗಳನ್ನು ನಾನು ನೆನೆಯುತ್ತೇನೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆ, ಪಾಂಡವಪುರದ ಬೇಬಿ ಬೆಟ್ಟದ ಜಾತ್ರೆ, ಊರೂರಿನ ಕುಸ್ತಿ ಅಖಾಡ, ಎತ್ತಿನ ಗಾಡಿಯ ಓಟ, ಕಬಡ್ಡಿ. ಇಲ್ಲಿ ಗೆದ್ದವನ ಪಕ್ಕದಲ್ಲಿ ಸಿಂಗರಿಸಿದ ಹೆಣ್ಣನ್ನು ನಿಲ್ಲಿಸುವ ವಾಡಿಕೆ ಎಂದೂ ಇರಲಿಲ್ಲ. ಸಿಂಗಾರವೆಲ್ಲ ಎತ್ತಿನ ಕೊಂಬಿಗೆ, ಬಹುಮಾನದ ಗದೆಗೆ. ಇದನ್ನು ನಮ್ಮ ಹಿರಿಮೆಯೆಂದು ಬೀಗಲು ನನಗೆ ಮನಸ್ಸಿಲ್ಲ. ಏಕೆಂದರೆ ಆ ಅಖಾಡದ ಸುತ್ತ ಬಹುಕಾಲ ಹೆಣ್ಣಿಗೆ ನಿಲ್ಲುವ ಜಾಗವೇ ಇರಲಿಲ್ಲ. ಜಾತ್ರೆಯಲ್ಲಿ ಅವಳಿಗಿದ್ದದ್ದು ಹಣ್ಣುಕಾಯಿ ತಟ್ಟೆ, ಬಳೆ ಅಂಗಡಿ, ಮಗುವಿನ ಕೈ. ಹೆಣ್ಣನ್ನು ಪ್ರದರ್ಶನಕ್ಕಿಡುವುದು ಒಂದು ಬಗೆಯ ಅನ್ಯಾಯವಾದರೆ, ಕಣ್ಣಿಗೇ ಕಾಣದಂತೆ ಇಡುವುದು ಇನ್ನೊಂದು ಬಗೆಯದು.

ಈ ಎರಡನ್ನೂ ಮೀರುವ ದಾರಿ ಕಣದ ಒಳಗಿದೆ. ಭಾರತದ ಮಹಿಳಾ ಕ್ರಿಕೆಟ್ ತಂಡದ ಮೊದಲ ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ. 1976ರಲ್ಲಿಯೇ ಅರ್ಜುನ ಪ್ರಶಸ್ತಿ ಪಡೆದವರು. ಅವರ ಪೀಳಿಗೆ ಸ್ವಂತ ಖರ್ಚಿನಲ್ಲಿ, ಕಾಯ್ದಿರಿಸದ ರೈಲು ಡಬ್ಬಿಗಳಲ್ಲಿ ಊರೂರು ತಿರುಗಿ ಆಡಿತು. ಕರಾವಳಿಯ ಮಮತಾ ಪೂಜಾರಿ ಕಬಡ್ಡಿಯಲ್ಲಿ ದೇಶದ ತಂಡವನ್ನು ಮುನ್ನಡೆಸಿದರು. 2022ರ ಅಕ್ಟೋಬರಿನಲ್ಲಿ ಕ್ರಿಕೆಟ್ ಮಂಡಳಿ ಪುರುಷರ ಮತ್ತು ಮಹಿಳೆಯರ ಪಂದ್ಯ ಸಂಭಾವನೆಯನ್ನು ಸಮಮಾಡಿತು. 2023ರಲ್ಲಿ ಮಹಿಳೆಯರ ಲೀಗ್ ಆರಂಭವಾಯಿತು. 2024ರ ಮಾರ್ಚ್ 17ರಂದು ಬೆಂಗಳೂರಿನ ಮಹಿಳಾ ತಂಡ ಆ ಲೀಗನ್ನು ಗೆದ್ದುಕೊಂಡಿತು. ಅದೇ ಹೆಸರಿನ ಪುರುಷರ ತಂಡ ಹದಿನಾರು ವರ್ಷಗಳಿಂದ ಕಾಯುತ್ತಿದ್ದ ಗೆಲುವನ್ನು ಹೆಣ್ಣುಮಕ್ಕಳು ಎರಡನೆಯ ವರ್ಷದಲ್ಲಿಯೇ ತಂದುಕೊಟ್ಟರು. 2008ರಲ್ಲಿ ಆ ತಂಡದ ಬಣ್ಣದಲ್ಲಿ ಮೈದಾನದ ಬಳಿ ಕಂಡ ಹೆಣ್ಣು ಗೆರೆಯ ಆಚೆ ಕುಣಿಯುತ್ತಿದ್ದವಳು. 2024ರಲ್ಲಿ ಕಂಡವಳು ಬ್ಯಾಟು ಹಿಡಿದವಳು.

ಪಾಂಡವಪುರದ ಪುಟ್ಟಣ್ಣಯ್ಯನವರು 2018ರ ಫೆಬ್ರವರಿ 18ರಂದು, ಮೇಲುಕೋಟೆ ಕ್ಷೇತ್ರದ ಶಾಸಕರಾಗಿದ್ದಾಗಲೇ, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತಕ್ಕೆ ಒಳಗಾಗಿ ತೀರಿಕೊಂಡರು. ಫಾರ್ಮುಲಾ ಒನ್ನಿನ ಪ್ರಕಟಣೆ ಬಂದು ಆಗಿನ್ನೂ ಮೂರು ವಾರವೂ ಆಗಿರಲಿಲ್ಲ. ಎರಡೂ ಸಂಗತಿಗಳಿಗೆ ನೇರ ಸಂಬಂಧವಿಲ್ಲ. ಆದರೂ, ಮಣ್ಣಿನ ಕಣದ ಬಳಿ ಕುಳಿತು ಆಟವನ್ನು ಆಟಕ್ಕಾಗಿಯೇ ನೋಡುವ ಒಂದು ರಸಿಕತೆ ನಮ್ಮ ಸೀಮೆಯಲ್ಲಿ ಇನ್ನೂ ಜೀವಂತವಿದೆ ಎಂಬುದನ್ನು ಆ ಸಾವು ನನಗೆ ನೆನಪಿಸುತ್ತದೆ. ಆಟ ತನ್ನಷ್ಟಕ್ಕೆ ಸೊಗಸಾಗಿದ್ದರೆ ಅದಕ್ಕೆ ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿ ಮುಗಿಸು‌ತ್ತೇನೆ. ಫಲಕ ಹಿಡಿದು ನಗುತ್ತ ನಿಲ್ಲುವ ಪಾತ್ರ ಹೋದದ್ದು ಸರಿ. 1909ರ ಆದೇಶವೂ ಸರಿಯೇ. ಹುಟ್ಟುವ ಮೊದಲೇ ಬಾಳು ಬರೆದಿಡುವ ಪದ್ಧತಿ ಉಳಿಯಬಾರದಿತ್ತು. ಆದರೆ ಎರಡು ಸಂದರ್ಭಗಳಲ್ಲಿಯೂ, ಆ ಪಾತ್ರವನ್ನು ಸೃಷ್ಟಿಸಿ ಅದರಿಂದ ಲಾಭ ಪಡೆದವರೇ ತೀರ್ಪುಗಾರರಾಗಿ ಕುಳಿತರು, ಅದನ್ನು ಹೊತ್ತವಳು ಅಪರಾಧಿಯಂತೆ ಹೊರನಡೆದಳು. ನಂಜನಗೂಡಿನ ಹೆಂಗಸರ ಮನವಿಗೆ ಸರ್ಕಾರ ಪಂಡಿತರನ್ನು ಕೇಳಿ ಉತ್ತರ ಕೊಟ್ಟಿತು. ಮೋಟಾರು ಪಂದ್ಯದವರು ತಮ್ಮ ಮಾರುಕಟ್ಟೆಯನ್ನು ಕೇಳಿ ಉತ್ತರ ಕೊಟ್ಟರು. ಹೆಣ್ಣನ್ನೇ ಕೂರಿಸಿಕೊಂಡು, ‘ನಿನಗೇನು ಬೇಕಮ್ಮ? ಏನು ಬಲ್ಲೆ? ಮುಂದೆ ಹೇಗೆ ಬದುಕುವೆ?’ ಎಂದು ಕೇಳಿದ ಉದಾಹರಣೆ ಕಡಮೆ. ವೆಂಕಟಲಕ್ಷಮ್ಮನವರಿಗೆ ವಿಶ್ವವಿದ್ಯಾನಿಲಯ ಕೊಟ್ಟಂಥ ಒಂದು ಪೀಠ, ಒಂದು ಸಂಬಳ, ಒಂದು ಗೌರವದ ಮಾತು ಜೊತೆಗಿದ್ದರೆ ಮಾತ್ರ ಯಾವುದೇ ಸುಧಾರಣೆ ಪೂರ್ಣವಾಗುತ್ತದೆ. ಇಲ್ಲವಾದರೆ ನಾವು ನಮ್ಮ ಕಣ್ಣಿಗೆ ಮುಜುಗರವಾದುದನ್ನು ಸರಿಸಿದ್ದೇವೆಯೇ ಹೊರತು, ಅವಳಿಗಾದ ಅನ್ಯಾಯವನ್ನು ಸರಿಪಡಿಸಿರುವುದಿಲ್ಲ.